ಟೆನ್ಷನರ್ ಇರುವ ಫ್ರೇಮಿನಲ್ಲಿ ಫಿಕ್ಸ್‌ಡ್ ಗೇರ್: ಕಾಡುದಾರಿಗೆ ಆಗುತ್ತದೆಯೇ?

ಒಂದುಹಲ್ಲು ಕೇಳಿದ್ದು:

ಗೇರುಗಳನ್ನೆಲ್ಲ ಕಳಚಿಹಾಕಿದ ಒಂದು ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ) ಮೌಂಟೇನ್ ಬೈಕನ್ನು ಎರಡು ವರ್ಷಗಳಿಂದ ಕಾಡುದಾರಿಗಳಲ್ಲಿ ಓಡಿಸುತ್ತಿದ್ದೇನೆ. ಚಕ್ರ 29 ಇಂಚಿನದು; ಮುಂದೆ 32 ಹಲ್ಲು, ಹಿಂದೆ 20; ಎರಡು ಕಡೆಯೂ ಡಿಸ್ಕ್ ಬ್ರೇಕು. ಡ್ರಾಪ್‌ಔಟ್‌ಗಳು (ಹಿಂದಿನ ಚಕ್ರದ ಅಚ್ಚು ಕೂರುವ ಫ್ರೇಮಿನ ಸೀಳುಗಳು) ಲಂಬವಾಗಿರುವುದರಿಂದ ಹಿಂದಿನ ಚಕ್ರವನ್ನು ಎಳೆದು ಚೈನು ಬಿಗಿಮಾಡಲು ಬರುವುದಿಲ್ಲ. ಹಾಗಾಗಿ ಚೈನಿನ ಸಡಿಲವನ್ನು ಎಳೆದು ಹಿಡಿಯುವ, ಸ್ಪ್ರಿಂಗ್ ಇರುವ ಟೆನ್ಷನರ್ ಒಂದನ್ನು ಕೂಡಿಸಿದ್ದೇನೆ. ಇಲ್ಲಿಯವರೆಗೆ ಯಾವ ತಕರಾರೂ ಬಂದಿಲ್ಲ.

ಕಳೆದ ತಿಂಗಳು ಗೆಳೆಯರೊಬ್ಬರ ಫಿಕ್ಸ್‌ಡ್ ಗೇರ್ (ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುವ) ಸೈಕಲ್ಲನ್ನು ಸಡಿಲ ಜಲ್ಲಿಯ ಏರಿನಲ್ಲಿ ಅರ್ಧ ಗಂಟೆ ತುಳಿದೆ. ಹಿಂದಿನ ಟೈರು ಹಿಡಿತ ಬಿಡುವ ಮುನ್ನವೇ ಅದರ ಸುಳಿವು ಅಂಗಾಲಿಗೆ ತಲುಪುತ್ತಿತ್ತು. ಕಾಲಿನ ಒತ್ತಡವನ್ನು ಕೂದಲೆಳೆಯಷ್ಟು ತಗ್ಗಿಸಿದರೆ ಟೈರು ಮತ್ತೆ ನೆಲ ಕಚ್ಚುತ್ತಿತ್ತು. ಅಂದಿನಿಂದ ಅದೇ ಗುಂಗು. ನನ್ನ ಸೈಕಲ್ಲನ್ನು ಈಗಿರುವ ಟೆನ್ಷನರಿನೊಂದಿಗೇ ಫಿಕ್ಸ್‌ಡ್ ಮಾಡಬಹುದೇ, ಕಾಲು ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ ಫ್ರೀವೀಲಿನ ನೆರವು ಇಲ್ಲದ ಕಾರಣ ಗೇರನ್ನು ಇನ್ನಷ್ಟು ಹಗುರಗೊಳಿಸಬೇಕೇ, ಮತ್ತು ಬೇರು, ಬಂಡೆ ತುಂಬಿದ ಇಳಿಜಾರಿನಲ್ಲಿ ನಿಲ್ಲದೆ ತಿರುಗುವ ಪೆಡಲುಗಳೊಂದಿಗೆ ಇಳಿಯುವುದು ವಿವೇಕದ ಕೆಲಸವೇ ಎಂಬುದನ್ನು ಅನುಭವಸ್ಥರು ತಿಳಿಸಬೇಕು.

ಎಣ್ಣೆಕೈ ಉತ್ತರ:

ಮೊದಲ ಪ್ರಶ್ನೆಗೆ ಉತ್ತರ: ಕೂಡದು. ಫ್ರೀವೀಲ್ ಇರುವ ಸೈಕಲ್ಲಿನಲ್ಲಿ ಎಳೆತವೆಲ್ಲ ಚೈನಿನ ಮೇಲಿನ ಸಾಲಿನಲ್ಲೇ ಇರುತ್ತದೆ. ಕೆಳಗಿನ ಸಾಲು ಸದಾ ಸಡಿಲವಾಗಿರುವುದರಿಂದಲೇ ಟೆನ್ಷನರಿನ ಪುಟ್ಟ ಸ್ಪ್ರಿಂಗು ಅದನ್ನು ಹಿಡಿದಿಡಬಲ್ಲದು. ಫಿಕ್ಸ್‌ಡ್ ಗೇರಿನಲ್ಲಿ ನೀವು ಕಾಲಿನಿಂದ ವೇಗ ತಡೆದ ಕ್ಷಣ ಎಳೆತ ಕೆಳಗಿನ ಸಾಲಿಗೆ ವರ್ಗವಾಗುತ್ತದೆ. ಮೈಭಾರವನ್ನೆಲ್ಲ ಹೊತ್ತ ಆ ಎಳೆತದ ಮುಂದೆ ಸ್ಪ್ರಿಂಗಿನ ಆಟ ನಡೆಯದು: ಟೆನ್ಷನರಿನ ತೋಳು ನೆಟ್ಟಗಾಗುತ್ತದೆ ಅಥವಾ ಮುರಿಯುತ್ತದೆ, ಅದು ನುಂಗಿಕೊಂಡಿದ್ದ ಸಡಿಲವೆಲ್ಲ ಮೇಲಿನ ಸಾಲಿಗೆ ಬಂದು ಚೈನು ಹಲ್ಲು ಬಿಟ್ಟು ಹಾರುತ್ತದೆ. ಫ್ರೀವೀಲಿನಲ್ಲಿ ಚೈನು ಬಿದ್ದರೆ ಕಾಲು ಖಾಲಿ ತಿರುಗುತ್ತದೆ, ಅಷ್ಟೇ. ಫಿಕ್ಸ್‌ಡ್‌ನಲ್ಲಿ ಬಿದ್ದ ಚೈನು ಹಲ್ಲುಚಕ್ರಕ್ಕೂ ಫ್ರೇಮಿಗೂ ನಡುವೆ ಸಿಕ್ಕಿಕೊಂಡು ಹಿಂದಿನ ಚಕ್ರವನ್ನೇ ಕಚ್ಚಿ ನಿಲ್ಲಿಸಬಹುದು, ಅದೂ ಇಳಿಜಾರಿನಲ್ಲಿ.

ಲಂಬ ಡ್ರಾಪ್‌ಔಟ್ ಇದ್ದರೂ ದಾರಿಗಳು ಮುಚ್ಚಿಲ್ಲ. ಬಾಟಮ್ ಬ್ರಾಕೆಟ್ ಶೆಲ್ (ಪೆಡಲಿನ ತೋಳಾದ ಕ್ರ್ಯಾಂಕಿನ ಬೇರಿಂಗುಗಳು ಕೂರುವ ಫ್ರೇಮಿನ ಕೊಳವೆ) ತಿರುಪಿಲ್ಲದೆ ಒತ್ತಿ ಕೂರಿಸುವ, ಅಗಲದ ಪ್ರೆಸ್‌ಫಿಟ್ ಜಾತಿಯದಾದರೆ ಅದರೊಳಗೆ ಕೂರುವ ಎಕ್ಸೆಂಟ್ರಿಕ್ ಬಾಟಮ್ ಬ್ರಾಕೆಟ್ ಸಿಗುತ್ತದೆ. ಕ್ರ್ಯಾಂಕಿನ ಅಚ್ಚು ನಡುಬಿಂದುವಿನಿಂದ ತುಸು ಆಚೆಗಿರುವ ಕಾರಣ ಅದನ್ನು ತಿರುಗಿಸಿದಂತೆ ಕ್ರ್ಯಾಂಕು ಹಿಂದೆ ಮುಂದೆ ಸರಿದು ಚೈನು ಬಿಗಿಯಾಗುತ್ತದೆ. ವೈಟ್ ಇಂಡಸ್ಟ್ರೀಸ್‌ನವರ ಈನೋ ಹಬ್ (ಹಬ್ ಎಂದರೆ ಚಕ್ರದ ನಡುಭಾಗ) ಇದೇ ಉಪಾಯವನ್ನು ಹಿಂದಿನ ಚಕ್ರದಲ್ಲಿ ಮಾಡುತ್ತದೆ, ಆದರೆ ಚಕ್ರ ಸರಿದಾಗಲೆಲ್ಲ ಬ್ರೇಕನ್ನೂ ಹೊಂದಿಸಿಕೊಳ್ಳಬೇಕು. ಮೂರನೆಯದು, ಕೆಲವರು ಮೆಚ್ಚಿ ಹೇಳುವ ‘ಮ್ಯಾಜಿಕ್ ಗೇರ್’: ಯಾವ ಹೊಂದಾಣಿಕೆಯೂ ಇಲ್ಲದೆ ಚೈನು ತಾನಾಗಿಯೇ ಬಿಗಿಯಾಗಿ ಕೂರುವಂಥ ಹಲ್ಲಿನ ಜೋಡಿಯನ್ನು ಹುಡುಕುವುದು. ಇದನ್ನು ನಾನು ನಂಬುವುದಿಲ್ಲ. ಚೈನಿನ ಒಂದೊಂದು ಕೊಂಡಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್, ಒಂದು ಹಲ್ಲು ಹೆಚ್ಚುಕಡಿಮೆಯಾದರೆ ಅಚ್ಚು ಸುಮಾರು 3 ಮಿಲಿಮೀಟರ್ ಸರಿಯಬೇಕಾಗುತ್ತದೆ. ನಿಮ್ಮ ಸೈಕಲ್ಲಿನ ಚೈನು ಹೆಚ್ಚುಕಡಿಮೆ 1200 ಮಿಲಿಮೀಟರ್ ಇರುತ್ತದೆ. ಅದು ಶೇಕಡಾ 0.5 ಸವೆದರೆ 6 ಮಿಲಿಮೀಟರ್ ಉದ್ದವಾಯಿತು, ಅಂದರೆ ಒಂದು ಹಲ್ಲು ಕಿತ್ತುಹಾಕಿದಷ್ಟು ಸಡಿಲ. ಕೆಸರಿನಲ್ಲಿ ಓಡುವ ಚೈನು ಆ ಮಟ್ಟ ಮುಟ್ಟಲು ಬಹಳ ದಿನ ಬೇಡ. ಮ್ಯಾಜಿಕ್ಕು ಹೊಸ ಚೈನಿರುವಷ್ಟು ದಿನ ಮಾತ್ರ.

ಹಬ್ಬಿನ ವಿಷಯದಲ್ಲಿ ಒಂದು ಎಚ್ಚರಿಕೆ. ಫಿಕ್ಸ್‌ಡ್ ಹಬ್ಬಿನಲ್ಲಿ ಹಲ್ಲುಚಕ್ರ ಬಲತಿರುಪಿನಲ್ಲೂ ಅದನ್ನು ಒತ್ತಿಹಿಡಿಯುವ ಲಾಕ್‌ರಿಂಗ್ ಎಡತಿರುಪಿನಲ್ಲೂ ಕೂರುತ್ತವೆ. ಕಾಲಿನಿಂದ ತಡೆದಾಗ ಹಲ್ಲುಚಕ್ರ ಬಿಚ್ಚಿಕೊಳ್ಳಲು ಹೊರಟರೆ ಲಾಕ್‌ರಿಂಗ್ ಇನ್ನಷ್ಟು ಬಿಗಿಯಾಗುತ್ತದೆ. ಹಳೆಯ ಫ್ರೀವೀಲ್ ಹಬ್ಬಿಗೆ ಹಲ್ಲುಚಕ್ರ ತಿರುಗಿಸಿ, ಅಂಟು ಹಾಕಿದ್ದೇನೆ ಸಾಕು ಎನ್ನುವವರ ಮಾತು ಕೇಳಬೇಡಿ. ಅಲ್ಲಿ ಎಡತಿರುಪಿನ ಜಾಗವೇ ಇರುವುದಿಲ್ಲ. ಇನ್ನೊಂದು ವಿಧಾನದಲ್ಲಿ, ಡಿಸ್ಕ್ ಕೂರುವ ಆರು ಬೋಲ್ಟಿನ ಜಾಗಕ್ಕೇ ಹಲ್ಲುಚಕ್ರವನ್ನು ಬಿಗಿದು ಚಕ್ರವನ್ನು ತಿರುವಿ ಹಾಕುತ್ತಾರೆ. ತಿರುಪು ಹಾಳಾಗುವ ಭಯವೇ ಇಲ್ಲದ ಗಟ್ಟಿ ಉಪಾಯ ಅದು, ಆದರೆ ಹಿಂದಿನ ಡಿಸ್ಕ್ ಬ್ರೇಕನ್ನು ಕಳೆದುಕೊಳ್ಳುತ್ತೀರಿ. ಗುಡ್ಡ ಇಳಿಯುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಇನ್ನೊಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಟ್ಯಾಂಡಿನ ಮೇಲೆ ಚಕ್ರ ತಿರುಗುತ್ತಿರುವಾಗ ಫಿಕ್ಸ್‌ಡ್ ಚೈನಿಗೆ ಬಟ್ಟೆ ಹಿಡಿದು ಒರೆಸಬೇಡಿ. ಬೆರಳು ಸಿಕ್ಕಿಕೊಂಡರೆ ಚಕ್ರ ನಿಲ್ಲುವುದಿಲ್ಲ, ಬೆರಳನ್ನೂ ಜೊತೆಗೇ ಹಲ್ಲಿನ ಸುತ್ತ ಒಯ್ಯುತ್ತದೆ. ಪೆಡಲನ್ನು ಕೈಯಲ್ಲಿ ಹಿಡಿದು ಕಾಲು ಸುತ್ತು ತಿರುಗಿಸಿ, ನಿಲ್ಲಿಸಿ, ಆಮೇಲೆ ಒರೆಸಿ.

ಏರುದಾರಿ ಉತ್ತರ:

ಎಣ್ಣೆಕೈಯವರು ಯಂತ್ರದ ಮಾತು ಮುಗಿಸಿದ್ದಾರೆ. ಸವಾರಿಯ ಬಗ್ಗೆ ನಾನು ಹೇಳುತ್ತೇನೆ. ಗೇರನ್ನು ಹಗುರಗೊಳಿಸಬೇಕೆಂಬ ನಿಮ್ಮ ಊಹೆ ತಲೆಕೆಳಗಾಗಿದೆ. ಫ್ರೀವೀಲ್ ಇರುವ ಸಿಂಗಲ್‌ಸ್ಪೀಡಿನಲ್ಲಿ ಗೇರನ್ನು ನಿರ್ಧರಿಸುವುದು ನಿಮ್ಮ ದಾರಿಯ ಅತಿ ಕಡಿದಾದ ಏರು. ಇಳಿಜಾರಿನಲ್ಲಿ ಹೇಗಿದ್ದರೂ ಕಾಲು ನಿಲ್ಲಿಸಿ ಕೂರುತ್ತೀರಿ. ಫಿಕ್ಸ್‌ಡ್‌ನಲ್ಲಿ ಇಳಿಜಾರಿಗೂ ಅದರಲ್ಲಿ ಪಾಲಿದೆ. ನಿಮ್ಮ 32×20ರಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 3.7 ಮೀಟರ್ ಸಾಗುತ್ತದೆ; ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಇಳಿದರೆ ಕಾಲು ನಿಮಿಷಕ್ಕೆ 113 ಸುತ್ತು ಹೊಡೆಯಬೇಕು. 32×18ಕ್ಕೆ ಹೋದರೆ ಸುತ್ತಿಗೆ 4.1 ಮೀಟರ್, ಅದೇ ವೇಗದಲ್ಲಿ ಸುಮಾರು 102 ಸುತ್ತು. ಬೇರುಗಳ ಮೇಲೆ ಕುಣಿಯುತ್ತ ನಿಮಿಷಕ್ಕೆ 113 ಸುತ್ತು ತುಳಿಯುವುದು ಹೇಗಿರುತ್ತದೆಂದು ಒಮ್ಮೆ ಪ್ರಯತ್ನಿಸಿದವರಿಗೆ ಗೊತ್ತು. ಏರಿನಲ್ಲಿ ಎರಡು ಹಲ್ಲಿನ ಭಾರ ಹೆಚ್ಚುತ್ತದೆ, ನಿಜ. ಆದರೆ ಚಲಿಸುತ್ತಿರುವ ಸೈಕಲ್ಲೇ ಪೆಡಲನ್ನು ಮೇಲಿನ ಮತ್ತು ಕೆಳಗಿನ ಸತ್ತ ಬಿಂದುಗಳಿಂದ ದಾಟಿಸುವುದರಿಂದ ಆ ಭಾರ ಅಂಕಿಯಲ್ಲಿ ಕಾಣುವಷ್ಟು ಕಾಲಿಗೆ ತಿಳಿಯುವುದಿಲ್ಲ.

ಫಿಕ್ಸ್‌ಡ್‌ಗೆ ಹೊಸಬರು ಹೆದರುವುದು ಏರಿಗೆ. ನಿಜವಾದ ಕಷ್ಟ ಇರುವುದು ಪೆಡಲು ಯಾವ ಕ್ಷಣಕ್ಕೆ ಎಲ್ಲಿರುತ್ತದೆ ಎಂಬಲ್ಲಿ. ಇಲ್ಲಿಯವರೆಗೆ ಕಲ್ಲೊಂದು ಎದುರಾದರೆ ಪೆಡಲನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಎರಡು ಕಾಲನ್ನೂ ಮಟ್ಟಸವಾಗಿರಿಸಿ ದಾಟುತ್ತಿದ್ದಿರಿ. ಆ ಸೌಲಭ್ಯ ಇನ್ನಿಲ್ಲ. ಅಡ್ಡಬಿದ್ದ ದಿಮ್ಮಿ ಹತ್ತು ಮೀಟರ್ ದೂರದಲ್ಲಿ ಕಂಡಾಗಲೇ, ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಯಾವ ಕಾಲು ಮುಂದಿರುತ್ತದೆ ಎಂದು ದೇಹ ಲೆಕ್ಕ ಹಾಕಬೇಕು, ಲೆಕ್ಕ ತಪ್ಪುವಂತಿದ್ದರೆ ವೇಗವನ್ನು ತುಸು ಹೆಚ್ಚಿಸಿ ಅಥವಾ ದಾರಿಯನ್ನು ಒಂದಡಿ ಬಳಸಿ ಅದನ್ನು ತಿದ್ದಬೇಕು. ಮೊದಮೊದಲು ಇದು ಅಸಾಧ್ಯ ಅನ್ನಿಸುತ್ತದೆ. ಕೆಲವು ವಾರಗಳಲ್ಲಿ, ಮೆಟ್ಟಿಲು ಹತ್ತುವಾಗ ಕೊನೆಯ ಮೆಟ್ಟಿಲಿಗೆ ಯಾವ ಕಾಲು ಬರುತ್ತದೆಂದು ಎಣಿಸದೆಯೇ ತಿಳಿಯುವಂತೆ ಇದೂ ತಿಳಿಯತೊಡಗುತ್ತದೆ. ಲೆಕ್ಕ ಪೂರ್ತಿ ಕೆಟ್ಟು ನಿಂತುಬಿಟ್ಟರೆ, ಮುಂದಿನ ಬ್ರೇಕು ಹಿಡಿದು ಮೈಯನ್ನು ಮುಂದಕ್ಕೆ ತಂದು ಹಿಂದಿನ ಚಕ್ರವನ್ನು ನೆಲದಿಂದ ಅಂಗೈಯಷ್ಟು ಎತ್ತಿ, ಪೆಡಲನ್ನು ಬೇಕಾದಲ್ಲಿಗೆ ತಿರುಗಿಸಿ ಇಳಿಸಿ. ಈ ಒಂದು ಚಾಕಚಕ್ಯತೆಯನ್ನು ಕಾಡಿಗೆ ಹೋಗುವ ಮೊದಲೇ ಬಯಲಿನಲ್ಲಿ ಕಲಿತಿಟ್ಟುಕೊಳ್ಳುವುದು ಒಳ್ಳೆಯದು.

ತಿರುವುಗಳಲ್ಲಿ ನೀವು ಕಲಿತದ್ದನ್ನು ಮರೆಯಬೇಕಾಗುತ್ತದೆ. ಮೌಂಟೇನ್ ಬೈಕಿನಲ್ಲಿ ಸಾಮಾನ್ಯವಾಗಿ ಸೈಕಲ್ಲನ್ನು ಬಾಗಿಸಿ ಮೈಯನ್ನು ನೆಟ್ಟಗಿಡುತ್ತೇವೆ. ಇಲ್ಲಿ ಒಳಬದಿಯ ಪೆಡಲು ಪ್ರತಿ ಸುತ್ತಿಗೂ ಕೆಳಗೆ ಬರುವುದರಿಂದ ಸೈಕಲ್ಲನ್ನು ನೆಟ್ಟಗಿಟ್ಟು ಮೈಯನ್ನು ಒಳಕ್ಕೆ ವಾಲಿಸಬೇಕು. ಕ್ರ್ಯಾಂಕು 175 ಮಿಲಿಮೀಟರಿನದಾದರೆ 165ಕ್ಕೆ ಇಳಿಸಿ. ಒಂದು ಸೆಂಟಿಮೀಟರ್ ಏನು ಮಹಾ ಎಂದು ಅನ್ನಿಸಬಹುದು, ಆದರೆ ಪೆಡಲನ್ನು ಸವರಿಕೊಂಡು ಹೋಗುವ ಕಲ್ಲುಗಳೇ ಹೆಚ್ಚು. ಸಸ್ಪೆನ್ಷನ್ ಫೋರ್ಕಿಗಿಂತ ಗಟ್ಟಿ ಫೋರ್ಕು ವಾಸಿ ಎಂಬುದು ನನ್ನ ಅಭಿಪ್ರಾಯ; ಫೋರ್ಕು ಕುಸಿದಾಗಲೆಲ್ಲ ಬಾಟಮ್ ಬ್ರಾಕೆಟ್ಟೂ ಇಳಿಯುತ್ತದೆ. ಕಾಲು ಪೆಡಲಿಗೆ ಕಚ್ಚಿಕೊಂಡಿರಲೇಬೇಕು, ಕ್ಲಿಪ್ಪಾಗಲಿ ಪಟ್ಟಿಯಾಗಲಿ. ಇಳಿಜಾರಿನಲ್ಲಿ ಕಾಲು ಜಾರಿದರೆ ತಿರುಗುವ ಪೆಡಲು ಮೊಳಕಾಲಿನ ಕೆಳಗಿನ ಮೂಳೆಗೆ ಬಡಿಯುತ್ತಲೇ ಇರುತ್ತದೆ, ಮತ್ತೆ ಕಾಲಿಡಲು ಬಿಡುವುದಿಲ್ಲ.

ನಿಧಾನಸ್ಥ ಉತ್ತರ:

ನಾನು ಇಪ್ಪತ್ತು ವರ್ಷಗಳಿಂದ ಸಿಂಗಲ್‌ಸ್ಪೀಡ್ ಸವಾರ. ಫಿಕ್ಸ್‌ಡ್ ಅನ್ನು ಒಂದು ಮಳೆಗಾಲ ಓಡಿಸಿ ಬಿಟ್ಟವನು. ಏರಿನ ಬಗ್ಗೆ ಮೇಲೆ ಹೇಳಿದ್ದೆಲ್ಲ ಸರಿ. ಇಳಿಜಾರಿನ ಬಗ್ಗೆ ಮಾತ್ರ ಇಬ್ಬರೂ ತುಸು ಮೃದುವಾಗಿ ಬರೆದಿದ್ದಾರೆ.

ಮೌಂಟೇನ್ ಬೈಕಿಂಗ್ ಹುಟ್ಟಿದ್ದೇ ಒಂದೇ ಗೇರಿನ ಸೈಕಲ್ಲುಗಳ ಮೇಲೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಆರಂಭವಾದ ರೀಪ್ಯಾಕ್ ಇಳಿಜಾರು ಓಟಕ್ಕೆ ಆ ಹೆಸರು ಬಂದದ್ದು, ಹಿಮ್ಮುಖವಾಗಿ ತುಳಿದರೆ ಹಿಡಿಯುವ ಕೋಸ್ಟರ್ ಬ್ರೇಕಿನ ಹಬ್ಬುಗಳು ಕಾದು ಒಳಗಿನ ಗ್ರೀಸು ಸುಟ್ಟುಹೋಗಿ, ಪ್ರತಿ ಓಟದ ನಂತರ ಮತ್ತೆ ತುಂಬಬೇಕಾಗುತ್ತಿದ್ದ ಕಾರಣಕ್ಕೆ. ಅಷ್ಟು ಒರಟು ಸೈಕಲ್ಲಿನಲ್ಲೂ ಅವರು ಇಳಿಯುವಾಗ ಪೆಡಲನ್ನು ಮಟ್ಟಸವಾಗಿ ನಿಲ್ಲಿಸಿ ಅದರ ಮೇಲೆ ನಿಲ್ಲಬಹುದಿತ್ತು. ಫಿಕ್ಸ್‌ಡ್‌ನಲ್ಲಿ ಅದಿಲ್ಲ. ಹಬ್ಬಿನಲ್ಲಿ ಸುಡುತ್ತಿದ್ದುದು ಈಗ ನಿಮ್ಮ ಮಂಡಿಯಲ್ಲಿ ಸುಡುತ್ತದೆ. ಬ್ರೇಕು ಹಿಡಿದರೆ ಭಾರ ಮುಂದಕ್ಕೆ ವಾಲುವುದರಿಂದ ಹಿಂದಿನ ಚಕ್ರದಿಂದ ಸಿಗುವ ತಡೆ ಮೊದಲೇ ಕಡಿಮೆ. ಆ ಅಲ್ಪಕ್ಕಾಗಿ ಮಂಡಿ ಸವೆಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಎರಡೂ ಬ್ರೇಕುಗಳನ್ನು ಉಳಿಸಿಕೊಂಡು, ಕಾಲಿನಿಂದ ತಡೆಯುವ ಗೋಜಿಗೇ ಹೋಗದೆ ಇಳಿಯುವುದಾದರೆ ಮಾತ್ರ ಪ್ರಯತ್ನಿಸಿ.

ಹಳಬರ ಉದಾಹರಣೆ ಕೊಡುವವರಿಗೂ ಒಂದು ಮಾತು: 1910ರಲ್ಲಿ ಟೂರ್ ಡಿ ಫ್ರಾನ್ಸ್ ಮೊದಲ ಬಾರಿ ಪಿರನೀಸ್ ಪರ್ವತದ ಟೂರ್ಮಲೆ ಕಣಿವೆದಾರಿಯನ್ನು ಹತ್ತಿದಾಗ, ಆ ವರ್ಷ ಗೆದ್ದ ಒಕ್ಟಾವ್ ಲಪೀಜ್ ಕೂಡ ಆ ಮಣ್ಣಿನ ಏರಿನ ಒಂದಷ್ಟು ಭಾಗವನ್ನು ಸೈಕಲ್ಲು ತಳ್ಳಿಕೊಂಡು ನಡೆದೇ ಹತ್ತಿದರು. ಇಳಿದು ತಳ್ಳಲು ಯಾರೂ ನಾಚಬೇಕಿಲ್ಲ.

ಒಂದುಹಲ್ಲು, ಐದು ವಾರಗಳ ನಂತರ:

ಮೂವರಿಗೂ ಕೃತಜ್ಞತೆಗಳು. ಶೆಲ್ ಪ್ರೆಸ್‌ಫಿಟ್ ಆಗಿದ್ದರಿಂದ ಎಕ್ಸೆಂಟ್ರಿಕ್ ಬಾಟಮ್ ಬ್ರಾಕೆಟ್ ಹಾಕಿಸಿದೆ. ಹಿಂದಕ್ಕೆ ಡಿಸ್ಕ್ ಉಳಿಸಿಕೊಂಡ ಫಿಕ್ಸ್‌ಡ್ ಹಬ್ಬು, 32×18, 165ರ ಕ್ರ್ಯಾಂಕು. ಏರುದಾರಿಯವರ ಲೆಕ್ಕ ನಿಜವೆಂದು ಮೊದಲ ದಿನವೇ ತಿಳಿಯಿತು, ಏಕೆಂದರೆ ಹಳೆಯ 20 ಹಲ್ಲಿನ ಜೋಡಿಯನ್ನೂ ಹಟಕ್ಕೆ ಬಿದ್ದು ಒಮ್ಮೆ ಹಾಕಿ ನೋಡಿದ್ದೆ; ಇಳಿಜಾರಿನಲ್ಲಿ ಸೀಟಿನ ಮೇಲೆ ಎಷ್ಟು ಪುಟಿದೆನೆಂದರೆ ಮುಂದಿನ ದಾರಿಯೇ ಮಸುಕಾಗಿ ಕಾಣುತ್ತಿತ್ತು.

ಎರಡನೆಯ ವಾರ ಒಂದು ಪೆಟ್ಟು ತಿಂದೆ. ಎಡಕ್ಕೆ ಏರಿಕೊಂಡಿದ್ದ ದಂಡೆಯ ಮಗ್ಗುಲಲ್ಲಿ ಸಾಗುವಾಗ ಎಡಪೆಡಲು ಮಣ್ಣಿನಿಂದ ಹೊರಚಾಚಿದ್ದ ಬೇರಿಗೆ ತಗುಲಿತು. ಫ್ರೀವೀಲಿನಲ್ಲಾದರೆ ಕಾಲು ನಿಂತು ಸೈಕಲ್ಲು ಸಾಗುತ್ತಿತ್ತು. ಇಲ್ಲಿ ಪೆಡಲು ನಿಲ್ಲಲಿಲ್ಲ. ಬೇರನ್ನೇ ಊರುಗೋಲು ಮಾಡಿಕೊಂಡು ಹಿಂದಿನ ಚಕ್ರವನ್ನು ಎತ್ತಿ ಬಲಕ್ಕೆ ಎಸೆಯಿತು. ಮೊಣಕೈ ತರಚಿತು, ಅಷ್ಟರಲ್ಲೇ ಮುಗಿಯಿತು. ಈಗ ಅಂಥ ಕಡೆ ದಂಡೆಯಿಂದ ಒಂದು ಮೊಳ ದೂರ ಸರಿದೇ ಹೋಗುತ್ತೇನೆ. ಇಳಿಯುವಾಗ ನಿಧಾನಸ್ಥರ ಮಾತಿನಂತೆ ಕೈಬ್ರೇಕುಗಳನ್ನೇ ನೆಚ್ಚಿದ್ದೇನೆ. ಕಡಿದಾದ ಬಂಡೆಮೆಟ್ಟಿಲಿನಲ್ಲಿ ಇಳಿದು ನಡೆಯುತ್ತೇನೆ.

ಒಂದು ಸಂಶಯ ಉಳಿದಿದೆ. ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿದರೆ ಚೈನು ಒಂದು ಜಾಗದಲ್ಲಿ ತಂತಿಯಂತೆ ಬಿಗಿ, ಅರ್ಧ ಸುತ್ತು ಆದ ಮೇಲೆ ಬೆರಳಿನಗಲ ಸಡಿಲ. ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ) ಸೊಟ್ಟಗಾಗಿದೆಯೇ?

ಎಣ್ಣೆಕೈ ಉತ್ತರ:

ಸೊಟ್ಟಗಾಗಿಲ್ಲ, ಕ್ರ್ಯಾಂಕಿನ ನಡುವಿಗೆ ಸರಿಯಾಗಿ ಕೂತಿಲ್ಲ. ಚೈನ್‌ರಿಂಗ್ ಬೋಲ್ಟುಗಳಿಂದ ಕೂರುವಂಥದ್ದಾದರೆ ಅವನ್ನು ಕಳಚದೆ, ರಿಂಗು ಒತ್ತಿದರೆ ಮಾತ್ರ ಜರುಗುವಷ್ಟು ಸಡಿಲಿಸಿ. ಚೈನು ಅತಿ ಬಿಗಿಯಾದ ಜಾಗಕ್ಕೆ ಕ್ರ್ಯಾಂಕು ತಂದು, ಮೇಲಿನ ಸಾಲಿನ ನಡುವೆ ಮರದ ಹಿಡಿಯಿಂದ ಮೆಲ್ಲಗೆ ಒಮ್ಮೆ ತಟ್ಟಿ; ರಿಂಗು ತಾನಾಗಿ ಹಿಂದಿನ ಚಕ್ರದ ಕಡೆಗೆ ತುಸು ಸರಿಯುತ್ತದೆ. ಮತ್ತೆ ತಿರುಗಿಸಿ, ಈಗ ಬಿಗಿಯಾದ ಜಾಗ ಎಲ್ಲಿದೆಯೆಂದು ಹುಡುಕಿ, ಅಲ್ಲೂ ತಟ್ಟಿ. ಮೂರು ನಾಲ್ಕು ಸಲಕ್ಕೆ ವ್ಯತ್ಯಾಸ ಬಹುಪಾಲು ಅಳಿಯುತ್ತದೆ. ಆಮೇಲೆ ಬೋಲ್ಟುಗಳನ್ನು ಒಂದು ಬಿಟ್ಟು ಒಂದರಂತೆ ಬಿಗಿಯಿರಿ. ರಿಂಗು ನೇರವಾಗಿ ಕ್ರ್ಯಾಂಕಿನ ಮೇಲೇ ಕೂರುವ ಬಗೆಯದಾದರೆ ಇದಕ್ಕೆ ಅವಕಾಶವಿಲ್ಲ. ಆಗ ಎಕ್ಸೆಂಟ್ರಿಕ್ಕನ್ನು ಹೊಂದಿಸುವಾಗ ಬಿಗಿಯಾದ ಜಾಗವನ್ನೇ ಆಧಾರವಾಗಿಟ್ಟುಕೊಳ್ಳಿ. ಅಲ್ಲಿ ಚೈನು ತಂತಿಯಾಗದೆ ಒಂದಿಷ್ಟಾದರೂ ಅಲುಗಾಡಬೇಕು, ಇಲ್ಲವಾದರೆ ಮೊದಲು ಹೋಗುವುದು ಬೇರಿಂಗು.