ಸಹಾಯ ಬೇಕು: ಸರಗಳ್ಳತನ ಆಗಿದೆ, ಎಫ್‌ಐಆರ್ ಆಗಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೆಂಗಳೂರಿನ ಅತ್ತಿಗುಪ್ಪೆ ಮೆಟ್ರೋದಿಂದ ಹತ್ತು ನಿಮಿಷದ ನಡಿಗೆ. ಮೊನ್ನೆ ಮಂಗಳವಾರ ಬೆಳಗ್ಗೆ ಆರಕ್ಕೆ ಅತ್ತೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ಬೈಕಿನಲ್ಲಿ ಇಬ್ಬರು ಬಂದು ಅಡ್ರೆಸ್ ಕೇಳಿದರು. ಅತ್ತೆ ತಲೆ ಎತ್ತುವಷ್ಟರಲ್ಲಿ ಮಾಂಗಲ್ಯ ಸರ ಕಿತ್ತುಕೊಂಡು ಹೋದರು. ಅರ್ಧ ತುಂಡು ರಂಗೋಲಿ ಪುಡಿಯಲ್ಲೇ ಬಿದ್ದಿತ್ತು. ಕುತ್ತಿಗೆಯಲ್ಲಿ ಇನ್ನೂ ಗೆರೆ ಇದೆ.

112ಕ್ಕೆ ಫೋನ್ ಮಾಡಿದೆವು, ಗಾಡಿ ಬೇಗನೇ ಬಂತು. ಆದರೆ ಠಾಣೆಯಲ್ಲಿ ದೂರು ತೆಗೆದುಕೊಂಡು ಬರೀ ಸ್ವೀಕೃತಿ ಚೀಟಿ ಕೊಟ್ಟಿದ್ದಾರೆ. 'ನೋಡೋಣ, ಸಿಸಿಟಿವಿ ಸಿಗಲಿ' ಅಂತಾರೆ. ಹೊಸ ನ್ಯಾಯ ಸಂಹಿತೆಯ 304ನೇ ಕಲಂನಲ್ಲಿ ಕಿತ್ತುಕೊಳ್ಳುವುದೇ ಪ್ರತ್ಯೇಕ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ ಇದೆ. ಎಫ್‌ಐಆರ್ ಪ್ರತಿಯನ್ನೂ ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು, ಅಲ್ವಾ? ಹಾಗಿದ್ದರೆ ಎಸಿಪಿ ಕಚೇರಿಗೆ ಹೋಗಬೇಕಾ, ಡಿಸಿಪಿಗೆ ಅಂಚೆಯಲ್ಲಿ ಕಳಿಸಬೇಕಾ? ಇದನ್ನು ಮಾಡಿ ಗೊತ್ತಿರುವವರು ಹೇಳಿ.

ಇನ್ನೊಂದು ವಿಷಯ. ನಮ್ಮ ಕ್ರಾಸಿನಲ್ಲಿ ಮೂರು ಬೀದಿದೀಪ ಕೆಟ್ಟು ತಿಂಗಳಾಯ್ತು. ಹದಿನೆಂಟು ಮನೆಯವರು ಸೇರಿ ಕ್ಯಾಮೆರಾ ಹಾಕಿಸೋಣ ಅಂದುಕೊಂಡಿದ್ದೇವೆ. ರಾತ್ರಿ ನಂಬರ್ ಪ್ಲೇಟ್ ಕಾಣುವಂಥದ್ದು ಯಾವುದು? ಎಷ್ಟು ಎತ್ತರದಲ್ಲಿ ಕೂರಿಸಬೇಕು? ಎದುರು ಮನೆಯ ಕ್ಯಾಮೆರಾದಲ್ಲಿ ಹೆಲ್ಮೆಟ್ ಬಿಟ್ಟು ಬೇರೇನೂ ಕಾಣಿಸ್ತಿಲ್ಲ.

'ಏರಿಯಾನೇ ಸರಿಯಿಲ್ಲ, ಮನೆ ಬದಲಿಸಿ' ಅನ್ನೋರು ದಯವಿಟ್ಟು ಬೇಡ. ಅತ್ತೆ ಇವತ್ತು ಮತ್ತೆ ರಂಗೋಲಿ ಹಾಕಿದ್ದಾರೆ, ಗೇಟಿನ ಒಳಗೆ.