ಅಪ್‌ಡೇಟ್: ಚಿಕ್ಕ ಮನೆಯ ದೊಡ್ಡ ಬಾಡಿಗೆ, ಕೊನೆಗೆ ಕೈಗೊಂಡ ತೀರ್ಮಾನ

ಸಂಬಳದ ಅರ್ಧದಷ್ಟನ್ನು ನುಂಗುತ್ತಿರುವ 200 ಚದರ ಅಡಿಯ ಒಂಟಿ ಕೋಣೆಯ ಮನೆಯಲ್ಲೇ ಉಳಿಯಬೇಕೇ, ಊರಂಚಿಗೆ ಹೋಗಬೇಕೇ ಎಂದು ಮೂರು ತಿಂಗಳ ಹಿಂದೆ ಕೇಳಿದ್ದೆ. ತಿಂಗಳ ಬಾಡಿಗೆಯನ್ನಷ್ಟೇ ನೋಡದೆ ಚದರ ಅಡಿಯ ಲೆಕ್ಕ ಹಾಕಿ ಎಂದು ಹಲವರು ಹೇಳಿದ್ದರು. ಹಾಗೆ ಮಾಡಿದಾಗಲೇ, ಅದೇ ಕಟ್ಟಡದ ಎರಡು ಕೋಣೆಗಳ ಮನೆಯವರಿಗಿಂತ ಪ್ರತಿ ಅಡಿಗೆ ನಾನೇ ಹೆಚ್ಚು ಕೊಡುತ್ತಿರುವುದು ತಿಳಿಯಿತು. ಮನೆ ಎಷ್ಟೇ ಚಿಕ್ಕದಾದರೂ ಅಡುಗೆಮನೆ, ಬಚ್ಚಲು, ನೀರಿನ ಕೊಳವೆ, ವಿದ್ಯುತ್ ಸಂಪರ್ಕಗಳ ವೆಚ್ಚ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಒಂಟಿಯಾಗಿ ಬದುಕುವವರ ಪೈಪೋಟಿಯೂ ಇಂಥ ಮನೆಗಳ ಮೇಲೆಯೇ ಬೀಳುತ್ತದೆ. ಬಾಡಿಗೆದಾರರು ಬೇಗ ಬೇಗ ಬದಲಾಗುವುದರಿಂದ ಮನೆ ಖಾಲಿಯಿರುವ ದಿನಗಳ ನಷ್ಟವನ್ನೂ ಮಾಲೀಕರು ಬಾಡಿಗೆಗೇ ಸೇರಿಸಿರುತ್ತಾರೆ.

ಊರಂಚಿನ ಮನೆಯ ಬಾಡಿಗೆ ಕಡಿಮೆಯಿತ್ತು, ನಿಜ. ಆದರೆ ದಿನಕ್ಕೆ 3 ಗಂಟೆಯ ಪ್ರಯಾಣವೆಂದರೆ 22 ಕೆಲಸದ ದಿನಗಳಿಗೆ 66 ಗಂಟೆ. ಅಷ್ಟು ಹೊತ್ತನ್ನು ಕಳೆದುಕೊಂಡು ಉಳಿಸುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಓಡಾಟಕ್ಕೇ ಹೋಗುತ್ತಿತ್ತು.

ಕೊನೆಗೆ ಸಹೋದ್ಯೋಗಿಯೊಬ್ಬರ ಜೊತೆ ಎರಡು ಕೋಣೆಗಳ ಮನೆಯನ್ನು ಹಂಚಿಕೊಂಡಿದ್ದೇನೆ. ಕರಾರಿನಲ್ಲಿ ಇಬ್ಬರ ಹೆಸರೂ ಇರಬೇಕು, ಒಬ್ಬರು ನಡುವೆಯೇ ಬಿಟ್ಟುಹೋದರೆ ಮುಂಗಡವನ್ನು ಹೇಗೆ ಹಂಚಬೇಕೆಂಬುದನ್ನು ಮೊದಲೇ ಬರೆದಿಡಬೇಕು ಎಂದು ಒಬ್ಬರು ಕೊಟ್ಟ ಸಲಹೆಯನ್ನು ಅಕ್ಷರಶಃ ಪಾಲಿಸಿದ್ದೇನೆ, ಅವರಿಗೆ ನಾನು ಋಣಿ. ಬಾಡಿಗೆ ಈಗ ಸಂಬಳದ ಮೂರನೇ ಒಂದು ಭಾಗಕ್ಕೆ ಇಳಿದಿದೆ. ಹಳೆಯ ಮಾಲೀಕರು ಗೋಡೆಯ ದುರಸ್ತಿಯ ಹೆಸರಿನಲ್ಲಿ ಮುಂಗಡದ ಒಂದು ಪಾಲನ್ನು ಹಿಡಿದುಕೊಂಡಿರುವುದು ಮಾತ್ರ ಇನ್ನೂ ನೋಯಿಸುತ್ತಿದೆ. ಆ ಬಿರುಕುಗಳು ಮೊದಲಿನಿಂದಲೂ ಇದ್ದವು, ಆದರೆ ಮನೆ ಸೇರಿದ ದಿನವೇ ನಾನು ಫೋಟೋ ತೆಗೆದಿಟ್ಟುಕೊಂಡಿರಲಿಲ್ಲ.