ಫೆಂಡರ್, ವಾಕ್ಸ್, ಮಾರ್ಷಲ್: ರಸಮಂಜರಿ ವೇದಿಕೆಗೆ ಯಾವ ವಾಲ್ವ್ ಆಂಪ್?

ಪ್ರಶ್ನೆ (ಬಾಗಲಕೋಟೆಯ ಗಿಟಾರ್ ವಾದಕ):
ಅಣ್ಣ, ನಮಸ್ಕಾರ. ನವನಗರದಲ್ಲಿದ್ದೇನೆ. ಹನ್ನೊಂದು ವರ್ಷಗಳಿಂದ ರಸಮಂಜರಿ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದೇನೆ. ಇಷ್ಟು ದಿನ ಪೆಡಲ್‌ನಿಂದ ನೇರವಾಗಿ ಮಿಕ್ಸರ್‌ಗೆ ವೈರ್ ಕೊಟ್ಟು ಕಾಲ ಕಳೆದೆ. ಈಗ ಹಣ ಕೂಡಿಸಿದ್ದೇನೆ, ಒಂದು ವಾಲ್ವ್ ಆಂಪ್ (ಗಾಜಿನ ವಾಲ್ವ್‌ಗಳಿಂದ ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ) ಕೊಳ್ಳಬೇಕು. ಫೆಂಡರ್ ಡಿಲಕ್ಸ್ ರಿವರ್ಬ್, ವಾಕ್ಸ್ ಎಸಿ15, ಮಾರ್ಷಲ್ ಡಿಎಸ್ಎಲ್20 – ಈ ಮೂರರಲ್ಲಿ ಮನಸ್ಸು ಓಲಾಡುತ್ತಿದೆ. ಒಂದೇ ರಾತ್ರಿಯಲ್ಲಿ ಭಾವಗೀತೆ, ಹಳೆಯ ಚಿತ್ರಗೀತೆ, ಕೊನೆಗೆ ಹುಡುಗರ ಒತ್ತಾಯಕ್ಕೆ ರಾಕ್, ಎಲ್ಲವನ್ನೂ ನುಡಿಸಬೇಕು. ಮನೆ ಗೋಡೆಗೆ ಗೋಡೆ ಹತ್ತಿದ್ದು, ಜೋರಾಗಿ ಅಭ್ಯಾಸ ಮಾಡಲಾಗದು. ಗಿಟಾರ್ ಸ್ಟ್ರಾಟ್ ಮಾದರಿಯದು, ಜೊತೆಗೆ ಸದ್ದನ್ನು ಒಡಕಾಗಿಸುವ ಒಂದು ಓವರ್‌ಡ್ರೈವ್ ಪೆಡಲ್ ಇದೆ. 15 ವ್ಯಾಟ್ ವೇದಿಕೆಗೆ ಸಾಲದು ಎಂದು ಅಂಗಡಿಯವರು ಹೇಳಿದರು. ನಿಜವೇ?

ಉತ್ತರ (ಬೆಳಗಾವಿಯ ಆಂಪ್ ರಿಪೇರಿಗಾರ):
ಮೊದಲು ವ್ಯಾಟ್ ವಿಷಯ ಮುಗಿಸೋಣ. ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ವ್ಯಾಟ್ ಹತ್ತು ಪಟ್ಟು ಆಗಬೇಕು. ಡಿಲಕ್ಸ್ ರಿವರ್ಬ್‌ನ 22 ವ್ಯಾಟ್‌ಗೂ ಎಸಿ15ರ 15 ವ್ಯಾಟ್‌ಗೂ ಇರುವ ಅಂತರ 2 ಡೆಸಿಬೆಲ್ ಕೂಡ ಇಲ್ಲ. ಹೇಗೂ ನಿಮ್ಮ ವೇದಿಕೆಯಲ್ಲಿ ಆಂಪ್ ಮುಂದೆ ಮೈಕ್ ಇಡುತ್ತಾರೆ. ಮೂರೂ ಸಾಕು.

ಇನ್ನು ನಾದ. ನಾನು ಬೆಸುಗೆ ಕಲಿತದ್ದು ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಆರಂಭಿಸಿತು. ಅಪ್ಪನ ತಗಡಿನ ಡಬ್ಬಿಯಲ್ಲಿ ಆ ವಾಲ್ವ್‌ಗಳು ಇನ್ನೂ ಇವೆ. ಅವನ್ನು ಕೈಯಲ್ಲಿ ಹಿಡಿದು ಬೆಳೆದವನಿಗೆ ಗಿಟಾರ್ ಆಂಪ್ ಹೊಸ ಯಂತ್ರವೆಂದು ಅನಿಸಲೇ ಇಲ್ಲ. ಒಂದು ವ್ಯತ್ಯಾಸ ಮಾತ್ರ ಉಂಟು: ರೇಡಿಯೋದಲ್ಲಿ ದನಿ ಒಡೆದರೆ ಅದು ದೋಷ, ಗಿಟಾರ್ ಆಂಪ್‌ನಲ್ಲಿ ಅದೇ ಸೊಗಸು. ಮಿರಜಿನ ಕುಶಲಕರ್ಮಿಗಳು ತಂಬೂರಿಯ ಕುದುರೆಯನ್ನು ಕೂದಲೆಳೆಯಷ್ಟು ಉಜ್ಜಿ ಜವಾರಿ, ಅಂದರೆ ಝೇಂಕಾರದ ನಾದ, ತೆಗೆಯುವುದನ್ನು ನೋಡಿದ್ದೀರಾ? ತಂತಿ ಕುದುರೆಯನ್ನು ಸವರಿಕೊಂಡು ಕಂಪಿಸಿದಾಗ ಒಂದು ಸ್ವರದೊಳಗಿಂದ ಹತ್ತು ಸ್ವರ ಎದ್ದು ಬರುತ್ತವೆ. ವಾಲ್ವ್ ತನ್ನ ಮಿತಿ ಮುಟ್ಟುವಾಗಲೂ ಅಷ್ಟೇ, ಅಲೆಯ ತುದಿ ಮೆಲ್ಲಗೆ ಬಾಗಿ ಉಪಸ್ವರಗಳು ಹುಟ್ಟುತ್ತವೆ. ಯಾವ ಆಂಪ್ ಎಷ್ಟು ಬೇಗ, ಯಾವ ಬಗೆಯಲ್ಲಿ ಬಾಗುತ್ತದೆ ಎಂಬುದೇ ಈ ಮೂರರ ನಡುವಿನ ಭೇದ.

ಡಿಲಕ್ಸ್ ರಿವರ್ಬ್ 1963ರ ವಿನ್ಯಾಸ. ಎರಡು 6ವಿ6 ಪವರ್ ವಾಲ್ವ್‌ಗಳು, 12 ಇಂಚಿನ ಒಂದು ಸ್ಪೀಕರ್. ಎರಡು ಚಾನೆಲ್ (ಸದ್ದು ಸಾಗುವ ಬೇರೆ ಬೇರೆ ಹಾದಿಗಳು) ಇವೆ, ಎರಡೂ ತಿಳಿ ನಾದದವೇ. ನಡುಮಟ್ಟದ ಸ್ವರಗಳಿಗೆ ಪ್ರತ್ಯೇಕ ಗುಬ್ಬಿ (ತಿರುಗಿಸುವ ನಾಬ್) ಇಲ್ಲ, ಆ ಭಾಗ ತುಸು ತಗ್ಗಿಯೇ ಇರುತ್ತದೆ. ಗಾಯಕರ ದನಿ ಕೂರುವುದು ಅದೇ ಜಾಗದಲ್ಲಿ, ಹಾಗಾಗಿ ಭಾವಗೀತೆಗೆ ಗಿಟಾರ್ ಬಿಡಿಸಿ ನುಡಿಸಿದಾಗ ಹಾಡಿನ ದಾರಿಗೆ ಅಡ್ಡ ಬರುವುದಿಲ್ಲ. ಒಡಕು ಉಳಿಸಿಕೊಂಡು ಒಟ್ಟು ಸದ್ದನ್ನಷ್ಟೇ ತಗ್ಗಿಸುವ ಮಾಸ್ಟರ್ ವಾಲ್ಯೂಮ್ ಇಲ್ಲದ್ದರಿಂದ ಇದರ ಸ್ವಂತ ಒಡಕು ಬೇಕೆಂದರೆ ವಾಲ್ಯೂಮ್ ಐದರ ಆಚೆ ಹೋಗಬೇಕು. ಅದು ನಿಮ್ಮ ಮನೆಯಲ್ಲಿ ಆಗದ ಮಾತು. ಆದರೆ ಎರಡಕ್ಕೆ ಇಟ್ಟರೂ ತಿಳಿ ನಾದ ಸೊರಗುವುದಿಲ್ಲ, ಪೆಡಲ್ ಒತ್ತಿದರೆ ಪೆಡಲ್‌ನ ಗುಣ ಕೆಡದೆ ಹೊರಬರುತ್ತದೆ.

ಎಸಿ15 ನನ್ನ ಪ್ರೀತಿಯ ಆಂಪ್. 1958ರ ಇಂಗ್ಲೆಂಡಿನ ಕೂಸು, ಎರಡು ಇಎಲ್84 ವಾಲ್ವ್‌ಗಳು. ಔಟ್‌ಪುಟ್‌ನ ಒಂದಂಶವನ್ನು ಹಿಂದಕ್ಕೆ ಕೊಟ್ಟು ಸದ್ದನ್ನು ಹದ್ದುಬಸ್ತಿನಲ್ಲಿಡುವ ಏರ್ಪಾಡು ಇದರಲ್ಲಿಲ್ಲ. ಆದ್ದರಿಂದ ಮೇಲಿನ ಸ್ವರಗಳು ತಾಳದ ಅಂಚು ತಾಗಿದಂತೆ ಕಿಣಿಗುಟ್ಟುತ್ತವೆ, ತಿಳಿಯಿಂದ ಒಡಕಿಗೆ ಜಾರುವುದು ಬೆರಳಿನ ಒತ್ತಡದಲ್ಲೇ ಗೊತ್ತಾಗುತ್ತದೆ. ಈಗಿನ ಎಸಿ15ಸಿ1ರಲ್ಲಿ ಮಾಸ್ಟರ್ ವಾಲ್ಯೂಮ್ ಇದೆ, ಮನೆಯಲ್ಲೂ ಬಳಸಬಹುದು. ಟೋನ್ ಕಟ್ ಗುಬ್ಬಿಯನ್ನು ಬಲಕ್ಕೆ ತಿರುಗಿಸಿದರೆ ತೀಕ್ಷ್ಣತೆ ಕಡಿಮೆಯಾಗುತ್ತದೆ, ಹೆಚ್ಚುವುದಿಲ್ಲ. ಇದು ತಿಳಿಯದೆ ಎಷ್ಟೋ ಜನ ಸದ್ದು ಮಂಕಾಯಿತೆಂದು ನನ್ನ ಬಳಿ ತಂದಿದ್ದಾರೆ. ಇಷ್ಟೆಲ್ಲ ಪ್ರೀತಿ ಇದ್ದೂ ನಿಮಗೆ ಇದನ್ನು ಹೇಳಲಾರೆ. ಎಸಿ15 ಎಲ್ಲ ಹಾಡಿಗೂ ತನ್ನ ಮುಖವನ್ನೇ ತೊಡಿಸುತ್ತದೆ. ಸ್ವಂತ ಹಾಡು ಕಟ್ಟುವವರಿಗೆ ಅದು ವರ. ಇಪ್ಪತ್ತು ಬಗೆಯ ಹಾಡುಗಳಿಗೆ ಜೊತೆಯಾಗಬೇಕಾದವರಿಗೆ ಭಾರ.

ಡಿಎಸ್ಎಲ್20ರಲ್ಲಿ ಎರಡು ಇಎಲ್34 ವಾಲ್ವ್‌ಗಳಿವೆ, 20ರಿಂದ 10 ವ್ಯಾಟ್‌ಗೆ ಇಳಿಸುವ ಸ್ವಿಚ್ ಇದೆ, ಕಾಲಿನಿಂದಲೇ ಚಾನೆಲ್ ಬದಲಿಸಬಹುದು. ಕಾಗದದ ಮೇಲೆ ಬಹುಬಗೆಯ ಆಂಪ್ ಎಂದರೆ ಇದೇ. ಆದರೆ ಎರಡು ಚಾನೆಲ್‌ಗಳಿಗೂ ಟ್ರೆಬಲ್, ಮಿಡ್ಲ್, ಬೇಸ್ ಗುಬ್ಬಿಗಳು ಒಂದೇ. ತಿಳಿ ನಾದಕ್ಕೆ ಟ್ರೆಬಲ್ ಹೊಂದಿಸಿಕೊಂಡು ರಾಕ್‌ಗೆ ಚಾನೆಲ್ ಬದಲಿಸಿದರೆ ಸದ್ದು ಕಿವಿ ಕುಯ್ಯುತ್ತದೆ. ರಾಕ್‌ಗೆ ಹೊಂದಿಸಿದರೆ ಭಾವಗೀತೆ ಮಂಕಾಗುತ್ತದೆ. ನಿಮ್ಮ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗಟ್ಟಿ ರಾಕ್ ಇದ್ದಿದ್ದರೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತಿದ್ದೆ.

ಚಾನೆಲ್ ಎಣಿಸಿ ಆಂಪ್ ಕೊಳ್ಳಬೇಡಿ. ನಿಮ್ಮ ಗಿಟಾರಿನ ವಾಲ್ಯೂಮ್ ಗುಬ್ಬಿಯನ್ನು ಹತ್ತರಿಂದ ಆರಕ್ಕೆ ಇಳಿಸಿದಾಗ ಆಂಪ್ ಏನು ಮಾಡುತ್ತದೆ ಎಂದು ಕೇಳಿ. ಸದ್ದು ಬರೀ ಸಣ್ಣದಾದರೆ ಅದು ಒಂದೇ ಆಂಪ್. ಬಣ್ಣವೂ ಬದಲಾದರೆ ನಿಮ್ಮ ಕೈಯಲ್ಲಿ ನಾಲ್ಕು ಆಂಪ್ ಇದ್ದಂತೆ. ನಿಮಗೆ ನನ್ನ ಸಲಹೆ ಡಿಲಕ್ಸ್ ರಿವರ್ಬ್, ಜೊತೆಗೆ ಈಗಿರುವ ಆ ಪೆಡಲ್.

ಪ್ರಶ್ನೆ (ವಿಜಯಪುರದ ಸದಸ್ಯೆ):
ಸರ್, ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಚರ್ಚ್‌ನಲ್ಲಿ ಗಿಟಾರ್ ನುಡಿಸುತ್ತೇನೆ. ಅಮೆರಿಕದಲ್ಲಿರುವ ಅಣ್ಣ ಇದೇ ಡಿಲಕ್ಸ್ ರಿವರ್ಬ್ ತಂದುಕೊಟ್ಟಿದ್ದಾನೆ. ಹಿಂಬದಿಯಲ್ಲಿ 120 ವೋಲ್ಟ್ ಎಂದಿದೆ. ಬೇಸಿಗೆಯಲ್ಲಿ ನಮ್ಮ ಬೀದಿಯ ವೋಲ್ಟೇಜ್ 190ಕ್ಕೂ ಇಳಿಯುತ್ತದೆ. ಏನು ಮಾಡಲಿ?

ಉತ್ತರ:
ಅಕ್ಕ, ದಯವಿಟ್ಟು ಅದನ್ನು ಗೋಡೆಯ ಪ್ಲಗ್‌ಗೆ ನೇರವಾಗಿ ಹಾಕಲೇಬೇಡಿ. ಹೋದ ವರ್ಷ ಇಂಥದ್ದೇ ಒಂದು ಆಂಪ್ ಬಂದಿತ್ತು. ಫ್ಯೂಸ್ ಹೋಯಿತೆಂದು ಯಾರೋ ಅದರ ಜಾಗದಲ್ಲಿ ತಾಮ್ರದ ಎಳೆ ಸುತ್ತಿ ಮತ್ತೆ 230 ವೋಲ್ಟ್ ಕೊಟ್ಟಿದ್ದರು. ಹಿಂಬದಿಯ ಹಲಗೆ ಬಿಚ್ಚಿದಾಗ ಟ್ರಾನ್ಸ್‌ಫಾರ್ಮರ್‌ನ ಮೇಣ ಕರಗಿ ಪೆಟ್ಟಿಗೆಯ ತಳದಲ್ಲಿ ಕಪ್ಪಗೆ ಹೆಪ್ಪುಗಟ್ಟಿತ್ತು. 230ರಿಂದ 120ಕ್ಕೆ ಇಳಿಸುವ, 500 ವಿಎ ಸಾಮರ್ಥ್ಯದ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಬೇಕು. ಅದಕ್ಕೂ ಮೊದಲು, ವೋಲ್ಟೇಜನ್ನು ಮೆಲ್ಲಗೆ ಸರಿದೂಗಿಸುವ ಒಂದು ಸರ್ವೋ ಸ್ಟೆಬಿಲೈಸರ್. ರಿಲೇ ಬಗೆಯದು ಟಕ್ ಎಂದು ಹಂತ ಬದಲಿಸುವಾಗ ಆ ಸದ್ದು ಸ್ಪೀಕರ್‌ನಲ್ಲಿ ಕೇಳಿಸಬಹುದು.

190 ವೋಲ್ಟ್ ಏಕೆ ಕೆಟ್ಟದ್ದೆಂದರೆ, ವಾಲ್ವ್‌ನ ಹೀಟರ್‌ಗೆ 6.3 ವೋಲ್ಟ್ ಬೇಕು. ಮನೆಯ ವೋಲ್ಟೇಜ್ ಅಷ್ಟು ಇಳಿದರೆ ಅಲ್ಲಿಗೆ ಸಿಗುವುದು 5.2 ವೋಲ್ಟ್ ಮಾತ್ರ. ಕಾವು ಸಾಲದೆ ವಾಲ್ವ್ ಬಳಲುತ್ತದೆ, ನಾದ ಸೊಪ್ಪಾಗುತ್ತದೆ.

ಇನ್ನೊಂದು ಮಾತು ಎಲ್ಲರಿಗೂ. ಗೊಂಯ್ ಸದ್ದು ನಿಲ್ಲಲೆಂದು ಪ್ಲಗ್‌ನ ಅರ್ಥ್ ಪಿನ್ ತೆಗೆಯಬೇಡಿ. ಪೆಂಡಾಲ್‌ನಲ್ಲಿ ಜನರೇಟರ್ ಇದ್ದಾಗ ಅರ್ಥಿಂಗ್ ಸರಿಯಿರದಿದ್ದರೆ, ಕೈ ತಂತಿಯ ಮೇಲಿದ್ದು ತುಟಿ ಮೈಕ್‌ಗೆ ತಾಗಿದ ಕ್ಷಣ ಶಾಕ್ ಹೊಡೆಯುತ್ತದೆ. ಅದರಿಂದ ಪ್ರಾಣವೇ ಹೋಗಬಹುದು. ಪ್ಲಗ್ ಹಾಕುವ ಮೊದಲು ಮೀಟರ್ ಇಟ್ಟು ನೋಡುವ ರೂಢಿ ಮಾಡಿಕೊಳ್ಳಿ.

ಪ್ರಶ್ನೆ (ಬಾಗಲಕೋಟೆ):
ಅಣ್ಣ, ಟಿಳಕವಾಡಿಯಲ್ಲಿರುವ ಗೆಳೆಯನ ಮನೆಗೆ ನನ್ನ ಗಿಟಾರ್ ಒಯ್ದು ಅವನ ಡಿಲಕ್ಸ್ ರಿವರ್ಬ್ ನುಡಿಸಿ ಬಂದೆ. ವಾಲ್ಯೂಮ್ ಮೂರರಲ್ಲಿತ್ತು. ನೀವು ಹೇಳಿದಂತೆ ಗಿಟಾರಿನ ಗುಬ್ಬಿ ಇಳಿಸಿ ಪೆಡಲ್ ಒತ್ತಿದೆ. ಒಡಕು ಕರಗಿ ಬರೀ ಒಂದು ಬೆಚ್ಚನೆಯ ಅಂಚು ಉಳಿಯಿತು. ಅದನ್ನೇ ಕೊಳ್ಳುತ್ತೇನೆ. ಆದರೆ ಅವನ ಆಂಪ್‌ನಲ್ಲಿ ಕೆಲವು ಸ್ವರಗಳಿಗೆ ಒಂದು ಲೋಹದ ಸದ್ದು ಜೊತೆಗೂಡುತ್ತದೆ. ಅದು ಆ ಮಾದರಿಯ ದೋಷವೇ?

ಉತ್ತರ:
ಮಾದರಿಯ ದೋಷವಲ್ಲ, ಒಂದು ವಾಲ್ವ್‌ನ ಮುಪ್ಪು. ಆಂಪ್ ಚಾಲೂ ಇಟ್ಟು, ವಾಲ್ಯೂಮ್ ಎರಡಕ್ಕೆ ಇಟ್ಟು, ಪೆನ್ಸಿಲ್‌ನ ಮರದ ಬದಿಯಿಂದ ಸಣ್ಣ ವಾಲ್ವ್‌ಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಲು ಹೇಳಿ. ಸರಿಯಿರುವುದು ಟಪ್ ಎಂದು ಸುಮ್ಮನಾಗುತ್ತದೆ. ಕೆಟ್ಟಿರುವುದು ಸ್ಟೀಲ್ ಲೋಟ ತಟ್ಟಿದಂತೆ ಸ್ಪೀಕರ್‌ನಲ್ಲಿ ಠಣಗುಟ್ಟುತ್ತದೆ. ಸಾಮಾನ್ಯವಾಗಿ ಅದು 12ಎಎಕ್ಸ್7 ಎಂಬ ಸಣ್ಣ ವಾಲ್ವ್ ಆಗಿರುತ್ತದೆ. ಅದನ್ನು ಆಂಪ್ ಬಂದ್ ಮಾಡಿ, ಆರಿದ ಮೇಲೆ ಸ್ವತಃ ಬದಲಿಸಬಹುದು. ದೊಡ್ಡ 6ವಿ6 ಜೋಡಿ ಬದಲಿಸುವುದಿದ್ದರೆ ಮಾತ್ರ ಬಯಾಸ್ (ವಾಲ್ವ್‌ನಲ್ಲಿ ಹರಿಯುವ ವಿದ್ಯುತ್ತಿನ ಮಟ್ಟ) ಹೊಂದಿಸಬೇಕು, ಆಂಪ್ ನನ್ನ ಬಳಿ ತನ್ನಿ. ಒಳಗೆ 400 ವೋಲ್ಟ್‌ಗೂ ಹೆಚ್ಚು ಇರುತ್ತದೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ, ಚಾಸಿಯೊಳಗೆ (ಆಂಪ್‌ನ ಲೋಹದ ಚೌಕಟ್ಟಿನೊಳಗೆ) ಕೈ ಹಾಕಬೇಡಿ.

ನಿಮ್ಮದು ಬಂದ ದಿನ, ಸ್ಪೀಕರ್ ವೈರ್ ಗಟ್ಟಿಯಾಗಿ ಕೂತಿದೆಯೇ ಎಂದು ಮೊದಲು ನೋಡಿ. ಸಾಗಣೆಯಲ್ಲಿ ಅದು ಕಳಚಿರುವುದುಂಟು. ಸ್ಪೀಕರ್ ಇಲ್ಲದೆ ಚಾಲೂ ಮಾಡಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ನಂತರ ಕೋಣೆಯ ದೀಪ ಆರಿಸಿ ಹಿಂಬದಿಯಿಂದ ವಾಲ್ವ್ ನೋಡಿ: ಒಳಗಿನ ಎಳೆ ಕಿತ್ತಳೆ ಬಣ್ಣದಲ್ಲಿ ಹೊಳೆಯಬೇಕು. ಗಾಜಿನೊಳಗೆ ಅದನ್ನು ಸುತ್ತಿದ ಬೂದು ತಗಡು ಕೆಂಪಾಗುತ್ತಿದ್ದರೆ ತಕ್ಷಣ ಬಂದ್ ಮಾಡಿ ನನಗೆ ಫೋನ್ ಮಾಡಿ.